ಕಡಲ ಬ್ಯಾಕ್ಟೀರಿಯಾದ ಹೊಸ ಪ್ರಭೇದ: ನೀರಿನ ಬಾಟಲಿಯಿಂದ ಒಪ್ಪಿತ ಹೆಸರಿನವರೆಗೆ

ಸಮುದ್ರದ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ ಸಾಮಾನ್ಯವಾಗಿ ಒಂದು ಲಕ್ಷದಿಂದ ಹತ್ತು ಲಕ್ಷದವರೆಗೆ ಬ್ಯಾಕ್ಟೀರಿಯಾ ಕೋಶಗಳಿರುತ್ತವೆ. ಇವುಗಳಲ್ಲಿ ಎಷ್ಟೋ ಪ್ರಭೇದಗಳಿಗೆ ಇನ್ನೂ ಹೆಸರೇ ಇಲ್ಲ. ತಾಳ್ಮೆಯಿಂದ ಹುಡುಕಿದವರಿಗೆ ಹೊಸದು ಸಿಕ್ಕೇ ಸಿಗುತ್ತದೆ. ಆದರೆ ಸಿಕ್ಕಿದ್ದು ನಿಜಕ್ಕೂ ಹೊಸದು ಎಂದು ಬೇರೆಯವರು ಒಪ್ಪುವ ಹಾಗೆ ತೋರಿಸಬೇಕಲ್ವಾ? ನಿಜವಾದ ಕೆಲಸ ಅಲ್ಲೇ ಇರುವುದು.

ಹೊಸ ಪ್ರಭೇದ ಎನ್ನುವುದು ಪೂರ್ತಿ ಹೋಲಿಕೆಯ ಮಾತು. ಹತ್ತಿರದ ನೆಂಟರು ಯಾರು, ಅವರಿಗೂ ಇದಕ್ಕೂ ಅಂತರ ಎಷ್ಟು, ಆ ಅಂತರವನ್ನು ಒಂದೇ ರೀತಿಯ ಪರೀಕ್ಷೆಯಲ್ಲಿ ಅಳೆದಿದ್ದೀರಾ? ಈ ಮೂರು ಪ್ರಶ್ನೆ ಕೆಲಸದುದ್ದಕ್ಕೂ ಮುಂದಿರಲಿ. ಸೂಕ್ಷ್ಮಜೀವಿಗಳ ಲ್ಯಾಬ್ ಕೆಲಸದ ಮೊದಲ ಪಾಠಗಳು ಗೊತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಕಾಗದಪತ್ರ

ಇದು ಬೇಸರದ ಭಾಗ, ಆದರೆ ಬಿಡುವಂತಿಲ್ಲ. ಒಂದು ದೇಶದ ಜೈವಿಕ ಸಂಪನ್ಮೂಲವನ್ನು ಬಳಸಲು ಅನುಮತಿ ಬೇಕು ಎನ್ನುವ ನಗೋಯಾ ಒಪ್ಪಂದ 2010ರಲ್ಲಿ ರೂಪುಗೊಂಡು 2014ರಲ್ಲಿ ಜಾರಿಗೆ ಬಂತು. ಬ್ಯಾಕ್ಟೀರಿಯಾವೂ ಅದರೊಳಗೆ ಬರುತ್ತದೆ. ನೀವು ಮಾದರಿ ತೆಗೆಯುವ ದೇಶದ ಕಾನೂನು ಏನು ಹೇಳುತ್ತದೆ ಎಂದು ಮೊದಲೇ ವಿಚಾರಿಸಿ. ಹೊಸ ಪ್ರಭೇದದ ಸ್ಟ್ರೇನ್ ಅನ್ನು, ಅಂದರೆ ಒಂದೇ ಕಾಲನಿಯಿಂದ ಬೆಳೆಸಿದ ಶುದ್ಧ ತಳಿಯನ್ನು, ಕೊನೆಗೆ ಎರಡು ಬೇರೆ ದೇಶಗಳ ಕಲ್ಚರ್ (ಜೀವಂತ ಸೂಕ್ಷ್ಮಜೀವಿ) ಸಂಗ್ರಹಾಲಯಗಳಲ್ಲಿ ಇಡಬೇಕಾಗುತ್ತದೆ. ಹಾಗೆ ಹೊರಗೆ ಕಳಿಸಲು ಅವಕಾಶ ಇದೆಯೇ ಎನ್ನುವುದು ಮೊದಲ ದಿನವೇ ಗೊತ್ತಿದ್ದರೆ ಒಳ್ಳೆಯದು. ಎಲ್ಲ ಮುಗಿದ ಮೇಲೆ ಅನುಮತಿ ಇಲ್ಲ ಎಂದಾದರೆ ಹೆಸರಿಗೆ ಮಾನ್ಯತೆ ಸಿಗುವುದಿಲ್ಲ.

ಮಾದರಿ ತೆಗೆಯುವುದು

ನೀರು, ಮರಳು, ಕೆಸರು, ಪಾಚಿಯ ಮೈ, ಸ್ಪಂಜಿನ ಒಳಭಾಗ, ಎಲ್ಲವೂ ಒಳ್ಳೆಯ ಜಾಗಗಳೇ. ನನ್ನನ್ನು ಕೇಳಿದರೆ ಕೆಸರು ಮತ್ತು ಸ್ಪಂಜಿನಿಂದ ಶುರು ಮಾಡಿ ಎನ್ನುತ್ತೇನೆ. ಒಂದು ಚೂರು ಜಾಗದಲ್ಲೇ ಆಮ್ಲಜನಕ, ಆಹಾರ, ನೆರೆಹೊರೆ ಎಲ್ಲ ಬದಲಾಗುವುದರಿಂದ ಅಲ್ಲಿ ವೈವಿಧ್ಯ ಜಾಸ್ತಿ.

ತೆಗೆದ ಕ್ಷಣದಲ್ಲೇ ಅಕ್ಷಾಂಶ, ರೇಖಾಂಶ, ಆಳ, ದಿನಾಂಕ, ನೀರಿನ ಉಷ್ಣತೆ, ಲವಣಾಂಶ, ಪಿಎಚ್ ಬರೆದಿಡಿ. ಸಂಜೆ ಬರೆದರಾಯಿತು ಎಂದುಕೊಳ್ಳಬೇಡಿ. ಪ್ರಭೇದದ ವಿವರಣೆಯಲ್ಲಿ ಇವು ಬೇಕೇ ಬೇಕು, ಆ ಹೊತ್ತಿನ ನೀರನ್ನು ಮತ್ತೆ ಅಳೆಯಲು ಆಗುವುದಿಲ್ಲ. ಸ್ಟೆರೈಲ್ ಬಾಟಲಿಯಲ್ಲಿ ತುಂಬಿ, ತಂಪಾಗಿ, ಕತ್ತಲಲ್ಲಿ ಇಟ್ಟು ಕೆಲವೇ ಗಂಟೆಗಳಲ್ಲಿ ಪ್ಲೇಟಿಗೆ ಹಾಕಿ. ತಡವಾದಷ್ಟೂ ಬೇಗ ಬೆಳೆಯುವ ಕೆಲವೇ ಜಾತಿಗಳು ಬಾಟಲಿಯನ್ನು ಆಕ್ರಮಿಸಿಕೊಳ್ಳುತ್ತವೆ. ಆಳ ಸಮುದ್ರದ ನೀರು 2ರಿಂದ 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಲಿನ ಜೀವಿಗಳಿಗೆ ನಮ್ಮ ಕೋಣೆಯ ಉಷ್ಣತೆಯೇ ಸಾವು ತರಬಹುದು.

ಬೆಳೆಸುವುದು: ಇಲ್ಲಿ ಅವಸರ ಬೇಡ

ಕಡಲ ಬ್ಯಾಕ್ಟೀರಿಯಾಕ್ಕೆ ಎಲ್ಲರೂ ಬಳಸುವ ಮೀಡಿಯಂ ಮರೀನ್ ಅಗರ್ 2216. ಇದರ ಮೂಲ ಕ್ಲಾಡ್ ಜೋಬೆಲ್ 1941ರಲ್ಲಿ ಕೊಟ್ಟ ಸೂತ್ರ. ಲೀಟರಿಗೆ 5 ಗ್ರಾಂ ಪೆಪ್ಟೋನ್, 1 ಗ್ರಾಂ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, ಜೊತೆಗೆ ಸಮುದ್ರದ ಲವಣಗಳು. ಮೀಡಿಯಂ ಒಳ್ಳೆಯದೇ. ಆದರೆ ಬಹಳಷ್ಟು ಕಡಲ ಜೀವಿಗಳಿಗೆ ಇದು ಅತಿಯಾದ ಊಟ. ಇದರ ಮೇಲೆ ವಿಬ್ರಿಯೋ, ಆಲ್ಟೆರೊಮೋನಾಸ್, ಸ್ಯೂಡೋಆಲ್ಟೆರೊಮೋನಾಸ್ ಮುಂತಾದ ಚುರುಕು ಕುಲಗಳು ಒಂದೆರಡು ದಿನದಲ್ಲೇ ಪ್ಲೇಟ್ ತುಂಬುತ್ತವೆ. ನಿಧಾನಸ್ಥರಿಗೆ ಜಾಗವೇ ಉಳಿಯುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಕಾಣುವ ಕೋಶಗಳಿಗೂ ಪ್ಲೇಟಿನಲ್ಲಿ ಬೆಳೆಯುವ ಕಾಲನಿಗಳಿಗೂ ಅಜಗಜಾಂತರ. ಸ್ಟೇಲಿ ಮತ್ತು ಕೊನೊಪ್ಕಾ 1985ರಲ್ಲಿ ಇದನ್ನೇ ಪ್ಲೇಟ್ ಎಣಿಕೆಯ ಮಹಾ ವೈಪರೀತ್ಯ ಎಂದು ಕರೆದರು. ಸಮುದ್ರದ ನೀರಿನಲ್ಲಿ ಸಾಮಾನ್ಯ ಪ್ಲೇಟಿಗೆ ಏಳುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಎಸ್‌ಎಆರ್11 ಗುಂಪಿನ ಕಥೆ ನೋಡಿ. ಅದರ ಜೀನ್ ಗುರುತು ಸಾರ್ಗಾಸೊ ಸಮುದ್ರದಲ್ಲಿ ಸಿಕ್ಕಿದ್ದು 1990ರಲ್ಲಿ. ಕಡಲ ಮೇಲ್ಪದರದಲ್ಲಿ ಅತಿ ಹೆಚ್ಚು ಇರುವ ಬ್ಯಾಕ್ಟೀರಿಯಾಗಳಲ್ಲಿ ಅದೂ ಒಂದು. ಆದರೂ ಲ್ಯಾಬಿನಲ್ಲಿ ಬೆಳೆಸಲು ಸಾಧ್ಯವಾದದ್ದು 2002ರಲ್ಲಿ. ಅದೂ ಪ್ಲೇಟಿನ ಮೇಲಲ್ಲ. ಸ್ಟೆರೈಲ್ ಮಾಡಿದ ಸಮುದ್ರದ ನೀರಿನಲ್ಲೇ ಮಾದರಿಯನ್ನು ತೆಳುಮಾಡುತ್ತಾ ಹೋಗಿ, ಒಂದೊಂದು ಪುಟ್ಟ ಕುಳಿಯಲ್ಲಿ ಕೆಲವೇ ಕೋಶ ಉಳಿಯುವಷ್ಟು ಮಾಡಿ, ವಾರಗಟ್ಟಲೆ ಕಾದು ಪಡೆದದ್ದು.

ನೀವು ಹೀಗೆ ಮಾಡಿ. ಒಂದು ಗ್ರಾಂ ಕೆಸರನ್ನು ಅಥವಾ ಒಂದು ಮಿಲಿಲೀಟರ್ ನೀರನ್ನು 9 ಮಿಲಿಲೀಟರ್ ಸ್ಟೆರೈಲ್ ಸಮುದ್ರದ ನೀರಿಗೆ ಸೇರಿಸಿ, ಹತ್ತು ಹತ್ತು ಪಟ್ಟು ತೆಳುಮಾಡುತ್ತಾ ಹೋಗಿ. ಮಾಮೂಲಿ 0.85 ಶೇಕಡಾ ಉಪ್ಪುನೀರು ಇಲ್ಲಿ ಬೇಡ. ಸಮುದ್ರದ ಲವಣಾಂಶ ಸುಮಾರು 3.5 ಶೇಕಡಾ. ದಿಢೀರ್ ಬದಲಾವಣೆಗೆ ಕೆಲವು ಕೋಶಗಳು ಒಡೆದೇ ಹೋಗುತ್ತವೆ. ಪ್ರತಿ ಹಂತದಿಂದ 100 ಮೈಕ್ರೋಲೀಟರ್ ತೆಗೆದು ಕನಿಷ್ಠ ಮೂರು ಬಗೆಯ ಪ್ಲೇಟಿಗೆ ಹರಡಿ: ಪೂರ್ತಿ ಬಲದ ಮರೀನ್ ಅಗರ್, ಅದನ್ನೇ ಹತ್ತು ಪಟ್ಟು ತೆಳುಮಾಡಿ ಸಮುದ್ರದ ನೀರಿನಲ್ಲಿ ತಯಾರಿಸಿದ್ದು, ಮತ್ತು ಸಮುದ್ರದ ನೀರಿನಲ್ಲಿ ಮಾಡಿದ ಆರ್2ಎ ಅಗರ್ (ಪೋಷಕಾಂಶ ಕಡಿಮೆ ಇರುವ ಮೀಡಿಯಂ). ಮಾದರಿ ಸೇರಿಸದೆ ಬರೀ ಸ್ಟೆರೈಲ್ ಸಮುದ್ರದ ನೀರು ಹರಡಿದ ಒಂದು ಪ್ಲೇಟನ್ನೂ ಇಡಿ. ಅದರಲ್ಲಿ ಏನಾದರೂ ಬೆಳೆದರೆ ಆ ಸುತ್ತಿನ ಯಾವ ಪ್ಲೇಟನ್ನೂ ನಂಬಬೇಡಿ.

ಇನ್ನೊಂದು ಸಣ್ಣ ವಿಷಯ, ಲಾಭ ಮಾತ್ರ ದೊಡ್ಡದು. ಫಾಸ್ಫೇಟ್ ಮತ್ತು ಅಗರನ್ನು ಒಟ್ಟಿಗೆ ಆಟೋಕ್ಲೇವ್ ಮಾಡಿದರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ನಾಜೂಕಿನ ಜೀವಿಗಳನ್ನು ಕೊಲ್ಲುತ್ತದೆ. ಎರಡನ್ನೂ ಬೇರೆಬೇರೆ ಆಟೋಕ್ಲೇವ್ ಮಾಡಿ ಆಮೇಲೆ ಸೇರಿಸಿ. ಸ್ವಲ್ಪ ಸೋಡಿಯಂ ಪೈರುವೇಟ್ ಸೇರಿಸಿದರೂ ಪೆರಾಕ್ಸೈಡ್ ಇಳಿಯುತ್ತದೆ. ಕೆಲವು ಕಡಲ ಬ್ಯಾಕ್ಟೀರಿಯಾ ಅಗರನ್ನೇ ತಿನ್ನುತ್ತವೆ. ಕಾಲನಿ ಸುತ್ತ ಗುಳಿ ಬಿದ್ದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ, ಅದೂ ಒಂದು ಲಕ್ಷಣ.

ಪ್ಲೇಟುಗಳನ್ನು ಮಾದರಿಯ ಮೂಲ ಉಷ್ಣತೆಗೆ ಹತ್ತಿರದಲ್ಲಿ ಇಡಿ. ಎರಡು ದಿನಕ್ಕೆ ಎಸೆಯಬೇಡಿ. ಒಣಗದ ಹಾಗೆ ಸುತ್ತಿ, ಕನಿಷ್ಠ ನಾಲ್ಕು ವಾರ ಇಡಿ. ಮೊದಲ ದಿನ ಕಂಡ ಕಾಲನಿಗಳಿಗೆ ಒಂದು ಬಣ್ಣದ ಚುಕ್ಕೆ, ವಾರ ಕಳೆದು ಕಂಡವಕ್ಕೆ ಇನ್ನೊಂದು ಬಣ್ಣ. ತಡವಾಗಿ ಬಂದ ಸೂಜಿಮೊನೆಯಷ್ಟರ ಕಾಲನಿಗಳನ್ನೇ ಮೊದಲು ಎತ್ತಿಕೊಳ್ಳಿ. ಹೊಸದು ಸಿಗುವ ಸಾಧ್ಯತೆ ಅಲ್ಲೇ ಜಾಸ್ತಿ.

ಸುರಕ್ಷತೆಯ ಮಾತೊಂದು ಇಲ್ಲೇ ಹೇಳಿಬಿಡುತ್ತೇನೆ. ವಿಬ್ರಿಯೋ ವಲ್ನಿಫಿಕಸ್ ಗಾಯದ ಮೂಲಕ ಒಳಹೊಕ್ಕು ಜೀವಕ್ಕೇ ಅಪಾಯ ತರಬಲ್ಲದು. ಗುರುತು ಗೊತ್ತಾಗುವ ತನಕ ಪ್ರತಿ ಕಾಲನಿಯನ್ನೂ ರೋಗಕಾರಕ ಎಂದೇ ನೋಡಿ. ಕೈಯಲ್ಲಿ ಗಾಯವಿದ್ದರೆ ಕೈಗವಸು ತಪ್ಪಿಸಬೇಡಿ.

ಶುದ್ಧ ಮಾಡಿ, ಕೂಡಲೇ ಉಳಿಸಿಡಿ

ಒಂದೇ ಕಾಲನಿಯನ್ನು ತೆಗೆದು ಹೊಸ ಪ್ಲೇಟಿನಲ್ಲಿ ಗೀರಿ. ಬಿಡಿಯಾಗಿ ಬೆಳೆದ ಕಾಲನಿಯಿಂದ ಮತ್ತೆ ಗೀರಿ. ಕನಿಷ್ಠ ಮೂರು ಸಲ ಹೀಗೆ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿ. ಕಡಲ ಬ್ಯಾಕ್ಟೀರಿಯಾ ಒಂದಕ್ಕೊಂದು ಅಂಟಿಕೊಂಡು, ಒಂದರ ವಿಟಮಿನ್ ಮೇಲೆ ಇನ್ನೊಂದು ಬದುಕುವುದು ಸಾಮಾನ್ಯ. ಕಾಲನಿ ಒಂದೇ ಥರ ಕಂಡ ಮಾತ್ರಕ್ಕೆ ಶುದ್ಧ ಎನ್ನಲಾಗದು.

ಶುದ್ಧ ಎನಿಸಿದ ದಿನವೇ 20 ಶೇಕಡಾ ಗ್ಲಿಸರಾಲ್ ಸೇರಿಸಿ, ಮೈನಸ್ 80 ಡಿಗ್ರಿಯಲ್ಲಿ ಹಲವು ಕೊಳವೆಗಳನ್ನು ಇಡಿ. ಸಾಧ್ಯವಾದರೆ ಬೇರೊಂದು ಫ್ರೀಜರಿನಲ್ಲೂ ಒಂದಷ್ಟು ಇರಲಿ. ಒಂದೆರಡು ವಾರದ ನಂತರ ಒಂದು ಕೊಳವೆ ತೆಗೆದು ಜೀವ ಇದೆಯೇ ನೋಡಿ. ಸತ್ತ ಸ್ಟ್ರೇನಿನ ಮೇಲೆ ಎಷ್ಟು ದತ್ತಾಂಶ ಇದ್ದರೂ ಅದನ್ನು ಠೇವಣಿ ಇಡಲಾಗದು.

ನೂರಾರು ಕಾಲನಿ ಕೈಯಲ್ಲಿದ್ದರೆ ಎಲ್ಲವನ್ನೂ ಸೀಕ್ವೆನ್ಸ್ ಮಾಡಲು ಹೋಗಬೇಡಿ. ಮಾಲ್ಡಿ-ಟಾಫ್ ಯಂತ್ರ ಸಿಗುವುದಾದರೆ ಪ್ರೋಟೀನ್ ಗುರುತಿನ ಮೇಲೆ ಗುಂಪು ಮಾಡಿ, ಗುಂಪಿಗೆ ಒಂದೆರಡನ್ನು ಆರಿಸಿ. ಕಡಲ ಜೀವಿಗಳ ಹೆಸರು ಅದರ ಸಂಗ್ರಹದಲ್ಲಿ ಕಡಿಮೆ, ಆದ್ದರಿಂದ ಅದು ಕೊಡುವ ಹೆಸರನ್ನು ನೆಚ್ಚಬೇಡಿ. ಗುಂಪು ಮಾಡಲು ಮಾತ್ರ ಬಳಸಿ. ಒಂದೇ ಗುಂಪಿನ ಉಳಿದ ಸ್ಟ್ರೇನುಗಳನ್ನೂ ಬಿಸಾಡದೆ ಇಟ್ಟುಕೊಳ್ಳಿ. ಒಂದೇ ಸ್ಟ್ರೇನಿನ ಮೇಲೆ ಪ್ರಭೇದ ಕಟ್ಟಬಹುದು, ಆದರೆ ಮೂರು ನಾಲ್ಕು ಇದ್ದರೆ ಪ್ರಭೇದದೊಳಗಿನ ವ್ಯತ್ಯಾಸ ಎಷ್ಟು ಎಂದು ಹೇಳಬಹುದು.

16ಎಸ್ ಜೀನ್: ಮೊದಲ ಸುಳಿವು

ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ಜೀವಜಗತ್ತಿನ ವಂಶವೃಕ್ಷವನ್ನೇ ಬದಲಿಸಿದರು. ಅಲ್ಲಿಂದ ಮುಂದೆ ಈ ಆರ್‌ಎನ್‌ಎ ತಯಾರಿಸುವ 16ಎಸ್ ಆರ್‌ಆರ್‌ಎನ್‌ಎ ಜೀನ್ ಬ್ಯಾಕ್ಟೀರಿಯಾದ ಮೊದಲ ಗುರುತುಚೀಟಿಯಾಯಿತು. ಇದರ ಉದ್ದ ಸುಮಾರು 1,500 ಬೇಸ್. 27ಎಫ್ ಮತ್ತು 1492ಆರ್ ಪ್ರೈಮರುಗಳಿಂದ ಪಿಸಿಆರ್ ಮಾಡಿ, ಎರಡೂ ಕಡೆಯಿಂದ ಸ್ಯಾಂಗರ್ ಸೀಕ್ವೆನ್ಸಿಂಗ್ ಮಾಡಿಸಿ. ಪೂರ್ತಿ ಉದ್ದ ಬೇಕು. 500 ಬೇಸಿನ ತುಂಡು ಕುಲ ಹೇಳಬಹುದು, ಪ್ರಭೇದದ ವಾದಕ್ಕೆ ಸಾಲದು. ಕ್ರೊಮ್ಯಾಟೊಗ್ರಾಂ (ಸೀಕ್ವೆನ್ಸಿಂಗ್ ಯಂತ್ರ ಕೊಡುವ ರೇಖಾಚಿತ್ರ) ಕಣ್ಣಾರೆ ನೋಡಿ, ಗೊಂದಲದ ತುದಿಗಳನ್ನು ಕತ್ತರಿಸಿ.

ಹೋಲಿಕೆಗೆ ಎಜ್‌ಬಯೋಕ್ಲೌಡ್ ತಾಣ ಬಳಸಿ. ಅಲ್ಲಿ ಟೈಪ್ ಸ್ಟ್ರೇನುಗಳ ಸೀಕ್ವೆನ್ಸನ್ನು ಆಯ್ದು ಇಟ್ಟಿರುತ್ತಾರೆ. ಟೈಪ್ ಸ್ಟ್ರೇನ್ ಎಂದರೆ ಒಂದು ಪ್ರಭೇದದ ಹೆಸರಿಗೆ ಅಧಿಕೃತವಾಗಿ ಅಂಟಿಕೊಂಡ ಜೀವಂತ ಮಾದರಿ. ಅಮೆರಿಕದ ಜೀನ್ ದತ್ತಾಂಶ ಕೇಂದ್ರವಾದ ಎನ್‌ಸಿಬಿಐನ ಸಾಮಾನ್ಯ ಬ್ಲಾಸ್ಟ್ ಹುಡುಕಾಟದಲ್ಲಿ ತಪ್ಪು ಹೆಸರು ಹೊತ್ತ ಸೀಕ್ವೆನ್ಸುಗಳೂ ಸಿಗುತ್ತವೆ. ಟೈಪ್ ಸ್ಟ್ರೇನಿನ ಜೊತೆಗಿನ ಹೋಲಿಕೆ ಮಾತ್ರ ಲೆಕ್ಕಕ್ಕೆ.

ಈಗ ಅಂಕಿ. ಅತಿ ಹತ್ತಿರದ ಟೈಪ್ ಸ್ಟ್ರೇನಿನ ಜೊತೆ ಹೋಲಿಕೆ 98.7 ಶೇಕಡಾಕ್ಕಿಂತ ಕಡಿಮೆ ಇದ್ದರೆ ಅದು ಹೊಸ ಪ್ರಭೇದ ಇರುವ ಸಾಧ್ಯತೆ ಬಲವಾಗಿದೆ. ಹಳೆಯ ಪುಸ್ತಕಗಳಲ್ಲಿ 97 ಶೇಕಡಾ ಎಂದಿರುತ್ತದೆ, ಅದನ್ನು ಬಿಟ್ಟುಬಿಡಿ. ಆದರೆ 98.7ಕ್ಕಿಂತ ಮೇಲಿದ್ದರೆ ಹಳೆಯ ಪ್ರಭೇದವೇ ಎಂದು ತೀರ್ಮಾನಿಸಬೇಡಿ. ಎಷ್ಟೋ ಜನ ಇಲ್ಲೇ ಒಳ್ಳೆಯ ಸ್ಟ್ರೇನುಗಳನ್ನು ಕೈಬಿಡುತ್ತಾರೆ. ಸ್ಯಾಲಿನಿಸ್ಪೋರಾ ಎಂಬ ಕಡಲ ಕೆಸರಿನ ಕುಲವನ್ನೇ ತೆಗೆದುಕೊಳ್ಳಿ. ಅದರ ಪ್ರಭೇದಗಳ ನಡುವೆ 16ಎಸ್ ಹೋಲಿಕೆ 99 ಶೇಕಡಾಕ್ಕಿಂತ ಜಾಸ್ತಿ. ಆದರೂ ಜೀನೋಮಿನಲ್ಲಿ ಅವು ಸ್ಪಷ್ಟವಾಗಿ ಬೇರೆ. ಕ್ಯಾನ್ಸರ್ ಔಷಧದ ಹುಡುಕಾಟದಲ್ಲಿ ಹೆಸರು ಮಾಡಿದ ಸ್ಯಾಲಿನೊಸ್ಪೊರಮೈಡ್ ಎ ಎಂಬ ರಾಸಾಯನಿಕ ಸಿಕ್ಕಿದ್ದು ಇವುಗಳಲ್ಲಿ ಒಂದಾದ ಸ್ಯಾಲಿನಿಸ್ಪೋರಾ ಟ್ರಾಪಿಕಾದಿಂದ.

ವಿಬ್ರಿಯೋ ಹಾರ್ವೆಯಿ ಬಳಗದಲ್ಲೂ ಇದೇ ಪಾಡು. ಬ್ಯಾಕ್ಟೀರಿಯಾಗಳ ಪರಸ್ಪರ ಸಂಕೇತದ ಅಧ್ಯಯನಕ್ಕೆ ವರ್ಷಗಟ್ಟಲೆ ಬಳಸಿದ ಒಂದು ಪ್ರಸಿದ್ಧ ಸ್ಟ್ರೇನ್ ವಿಬ್ರಿಯೋ ಹಾರ್ವೆಯಿ ಎಂದೇ ಹೆಸರಾಗಿತ್ತು. 2010ರಲ್ಲಿ ಜೀನೋಮ್ ಹೋಲಿಸಿದಾಗ ಅದು ವಿಬ್ರಿಯೋ ಕ್ಯಾಂಪ್‌ಬೆಲ್ಲಿಯೈ ಎಂದು ತಿಳಿಯಿತು. ಇಂಥ ಬಳಗಗಳಲ್ಲಿ ಜೈರ್‌ಬಿ, ಆರ್‌ಪಿಒಬಿ, ರೆಕ್‌ಎ ಮುಂತಾದ ಜೀನುಗಳನ್ನೂ ಸೇರಿಸಿ ನೋಡಿದರೆ ಗೆರೆ ಸ್ಪಷ್ಟವಾಗುತ್ತದೆ. ಇನ್ನೊಂದು ತೊಡಕು: ಒಂದೇ ಕೋಶದಲ್ಲಿ 16ಎಸ್ ಜೀನಿನ ಹಲವು ಪ್ರತಿಗಳಿರಬಹುದು, ಅವು ಒಂದೇ ಥರ ಇರಬೇಕೆಂದಿಲ್ಲ. ಆಳ ಸಮುದ್ರದ ಫೋಟೊಬ್ಯಾಕ್ಟೀರಿಯಂ ಪ್ರೊಫಂಡಮ್‌ನ ಎಸ್‌ಎಸ್9 ಸ್ಟ್ರೇನಿನಲ್ಲಿ 15 ಪ್ರತಿಗಳಿವೆ.

ವಂಶವೃಕ್ಷ ಬರೆಯುವಾಗ ಕುಲದ ಎಲ್ಲ ಟೈಪ್ ಸ್ಟ್ರೇನುಗಳನ್ನೂ ಸೇರಿಸಿ, ಹೊರಗಿನ ಒಂದು ಕುಲವನ್ನು ಬೇರಿಗೆ ಇಡಿ. ಎರಡು ಮೂರು ವಿಧಾನದಲ್ಲಿ ಮರ ಕಟ್ಟಿ, ಕೊಂಬೆಗಳು ಎಷ್ಟು ಗಟ್ಟಿ ಎಂದು ನೋಡಲು 1,000 ಬೂಟ್‌ಸ್ಟ್ರ್ಯಾಪ್ (ದತ್ತಾಂಶವನ್ನು ಮತ್ತೆ ಮತ್ತೆ ಆಯ್ದು ಮರ ಕಟ್ಟುವುದು) ಹಾಕಿ. ಮೆಗಾ ಅಥವಾ ಐಕ್ಯೂ-ಟ್ರೀ ಸಾಫ್ಟ್‌ವೇರ್ ಸಾಕು. ನಿಮ್ಮ ಸ್ಟ್ರೇನಿನ ಕೊಂಬೆ ಒಂದು ವಿಧಾನದಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಕೂತರೆ ಆ ಮರದ ಮೇಲೆ ವಾದ ಕಟ್ಟಬೇಡಿ. ಜೀನೋಮಿಗೆ ಹೋಗಿ.

ಜೀನೋಮ್: ತೀರ್ಮಾನ ಆಗುವ ಜಾಗ

1987ರಿಂದ ಪ್ರಭೇದದ ಗಡಿ ಎಂದರೆ ಡಿಎನ್‌ಎ-ಡಿಎನ್‌ಎ ಹೈಬ್ರಿಡೈಸೇಷನ್ 70 ಶೇಕಡಾ. ಎರಡು ಸ್ಟ್ರೇನುಗಳ ಡಿಎನ್‌ಎ ಬೆರೆಸಿ, ಎಷ್ಟು ಕೂಡಿಕೊಳ್ಳುತ್ತದೆ ಎಂದು ಅಳೆಯುವ ಆ ಪರೀಕ್ಷೆ ಬಹಳ ಕಷ್ಟದ್ದು. ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಬದಲಾಗುತ್ತಿತ್ತು. ಈಗ ಅದೇ ಗಡಿಯನ್ನು ಕಂಪ್ಯೂಟರಿನಲ್ಲಿ ಜೀನೋಮ್ ಹೋಲಿಸಿ ನೋಡುತ್ತಾರೆ.

ಜೀನೋಮಿನ ಗುಣಮಟ್ಟ ಮೊದಲು. 50 ಪಟ್ಟಿಗಿಂತ ಜಾಸ್ತಿ ಕವರೇಜ್ ಇರಲಿ, ಅಂದರೆ ಪ್ರತಿ ಬೇಸನ್ನು ಸರಾಸರಿ ಅಷ್ಟು ಸಲ ಓದಿರಬೇಕು. ಇಲ್ಯುಮಿನಾ ಸೀಕ್ವೆನ್ಸಿಂಗ್‌ನ ಚಿಕ್ಕ ತುಣುಕುಗಳ ಜೊತೆಗೆ ನ್ಯಾನೊಪೋರ್ ಅಥವಾ ಪ್ಯಾಕ್‌ಬಯೋ ಉದ್ದ ತುಣುಕುಗಳಿದ್ದರೆ ಪೂರ್ತಿ ಕ್ರೋಮೋಸೋಮ್ ಸಿಗುತ್ತದೆ. ಜೋಡಿಸಿದ ಮೇಲೆ ಗುಣಮಟ್ಟ ಅಳೆಯುವ ಚೆಕ್‌ಎಂ ಸಾಫ್ಟ್‌ವೇರ್ ಓಡಿಸಿ. ಪೂರ್ಣತೆ 95 ಶೇಕಡಾಕ್ಕಿಂತ ಮೇಲೆ, ಕಲಬೆರಕೆ 5ಕ್ಕಿಂತ ಕೆಳಗೆ ಇರಬೇಕು. ಕಲಬೆರಕೆ ಜಾಸ್ತಿ ಬಂದರೆ ಸಾಫ್ಟ್‌ವೇರನ್ನು ದೂರುವ ಮೊದಲು ಕಲ್ಚರನ್ನು ಮತ್ತೆ ಗೀರಿ ನೋಡಿ. ಆಮೇಲೆ ಜೀನೋಮಿನಿಂದ 16ಎಸ್ ತೆಗೆದು, ಮೊದಲು ಸ್ಯಾಂಗರಿನಲ್ಲಿ ಬಂದದ್ದಕ್ಕೆ ಹೋಲಿಸಿ. ಎರಡೂ ಹೊಂದದಿದ್ದರೆ ಎಲ್ಲೋ ಕೊಳವೆ ಅದಲುಬದಲಾಗಿದೆ. ಈ ಒಂದು ನಿಮಿಷದ ಪರೀಕ್ಷೆಯನ್ನು ಯಾವತ್ತೂ ಬಿಡಬೇಡಿ.

ನಂತರ ಹತ್ತಿರದ ಎಲ್ಲ ಟೈಪ್ ಸ್ಟ್ರೇನುಗಳ ಜೀನೋಮ್ ಇಳಿಸಿಕೊಂಡು ಎರಡು ಅಂಕಿ ತೆಗೆಯಿರಿ. ಒಂದು ಎಎನ್‌ಐ, ಅಂದರೆ ಎರಡು ಜೀನೋಮುಗಳ ಹಂಚಿಕೊಂಡ ಭಾಗದಲ್ಲಿ ಬೇಸುಗಳ ಸರಾಸರಿ ಹೋಲಿಕೆ. ಫಾಸ್ಟ್‌ಎಎನ್‌ಐ ಅಥವಾ ಆರ್ಥೋಎಎನ್‌ಐ ಇದಕ್ಕೆ ಸಾಕು. ಗಡಿ 95ರಿಂದ 96 ಶೇಕಡಾ. ಇನ್ನೊಂದು ಡಿಜಿಟಲ್ ಡಿಡಿಎಚ್, ಅಂದರೆ ಮೇಲೆ ಹೇಳಿದ ಹೈಬ್ರಿಡೈಸೇಷನ್ ಪರೀಕ್ಷೆಯ ಕಂಪ್ಯೂಟರ್ ರೂಪ. ಜಿಜಿಡಿಸಿ ಅಥವಾ ಟಿವೈಜಿಎಸ್ ತಾಣದಲ್ಲಿ ಸಿಗುತ್ತದೆ, ಗಡಿ 70. ಜೀನೋಮ್ ಅಪೂರ್ಣವಾಗಿದ್ದರೆ ಅಲ್ಲಿನ 2ನೇ ಸೂತ್ರದ ಅಂಕಿಯನ್ನು ತೆಗೆದುಕೊಳ್ಳಿ.

ಉದಾಹರಣೆಗೆ, 16ಎಸ್ 99.3, ಎಎನ್‌ಐ 90, ಡಿಜಿಟಲ್ ಡಿಡಿಎಚ್ 40 ಬಂದಿದೆ ಎಂದಿಟ್ಟುಕೊಳ್ಳಿ. ಇದು ಹೊಸ ಪ್ರಭೇದ, 16ಎಸ್ ಏನೇ ಹೇಳಲಿ. ಎಎನ್‌ಐ 97 ಬಂದರೆ ಹಳೆಯದೇ, ಕಾಲನಿ ಎಷ್ಟು ವಿಚಿತ್ರ ಬಣ್ಣದ್ದಿದ್ದರೂ ಸರಿ. 95.4ರಂಥ ಅಂಕಿ ಬಂದರೆ ಅವಸರ ಬೇಡ. ಇನ್ನಷ್ಟು ಸ್ಟ್ರೇನು ಸೇರಿಸಿ, ನೂರಾರು ಜೀನುಗಳ ಮರ ಕಟ್ಟಿ, ಸ್ಟ್ರೇನುಗಳು ಒಟ್ಟಿಗೆ ಒಂದು ಗುಂಪಾಗಿ ನಿಲ್ಲುತ್ತವೆಯೇ ನೋಡಿ. ಜೊತೆಗೆ ಜಿಸಿ ಶೇಕಡಾವಾರನ್ನೂ (ಡಿಎನ್‌ಎಯಲ್ಲಿ ಜಿ ಮತ್ತು ಸಿ ಬೇಸುಗಳ ಪಾಲು) ಗಮನಿಸಿ. ಒಂದೇ ಪ್ರಭೇದದೊಳಗೆ ಅದು 1ಕ್ಕಿಂತ ಹೆಚ್ಚು ವ್ಯತ್ಯಾಸವಾಗುವುದಿಲ್ಲ.

ಹೊಸ ಕುಲವೇ ಇರಬಹುದೇ? 16ಎಸ್ ಹೋಲಿಕೆ 94.5 ಶೇಕಡಾಕ್ಕಿಂತ ಕೆಳಗಿದ್ದರೆ ಆ ಪ್ರಶ್ನೆ ಎತ್ತಬಹುದು. ಆದರೆ ಕುಲಕ್ಕೆ ಎಲ್ಲರೂ ಒಪ್ಪಿದ ಒಂದೇ ಗಡಿ ಇಲ್ಲ. ಪ್ರೋಟೀನುಗಳ ಸರಾಸರಿ ಹೋಲಿಕೆ, ಹಂಚಿಕೊಂಡ ಪ್ರೋಟೀನುಗಳ ಪಾಲು, ಜೀನೋಮ್ ಮರದಲ್ಲಿ ಕೊಂಬೆ ಕೂತ ಜಾಗ, ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಮುಂದುವರಿಯಿರಿ. ಸಂಶಯ ಇದ್ದರೆ ಇರುವ ಕುಲದಲ್ಲೇ ಇಡಿ.

ಲ್ಯಾಬಿನಲ್ಲಿ ಜೀವಿಯನ್ನು ನೋಡುವುದು

ರೀಟಾ ಕಾಲ್ವೆಲ್ 1970ರಲ್ಲಿ ಜೀನು, ರಾಸಾಯನಿಕ, ನಡವಳಿಕೆ ಎಲ್ಲವನ್ನೂ ಸೇರಿಸಿ ವರ್ಗೀಕರಿಸುವ ದಾರಿಗೆ ಪಾಲಿಫೇಸಿಕ್ ಎಂಬ ಹೆಸರು ಕೊಟ್ಟರು. ಜೀನೋಮ್ ಬಂದ ಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಜೀವಿ ಏನು ತಿನ್ನುತ್ತದೆ, ಎಷ್ಟು ಉಪ್ಪು ತಡೆಯುತ್ತದೆ ಎಂದು ಗೊತ್ತಿಲ್ಲದ ಪ್ರಭೇದದ ವಿವರಣೆ ಯಾರಿಗೂ ಉಪಯೋಗಕ್ಕೆ ಬಾರದು.

ನಿಯಮ ಒಂದೇ. ಹತ್ತಿರದ ಟೈಪ್ ಸ್ಟ್ರೇನುಗಳನ್ನು ಸಂಗ್ರಹಾಲಯದಿಂದ ತರಿಸಿಕೊಂಡು, ನಿಮ್ಮ ಸ್ಟ್ರೇನಿನ ಪಕ್ಕದಲ್ಲೇ, ಒಂದೇ ಮೀಡಿಯಂ, ಒಂದೇ ಉಷ್ಣತೆ, ಒಂದೇ ವಯಸ್ಸಿನಲ್ಲಿ ಪರೀಕ್ಷಿಸಿ. ಹಳೆಯ ಪ್ರಬಂಧದ ಕೋಷ್ಟಕದಿಂದ ಸುಮ್ನೆ ಅಂಕಿ ಎತ್ತಿಕೊಳ್ಳಬೇಡಿ. ಕೊಬ್ಬಿನ ಆಮ್ಲಗಳ ವಿಷಯದಲ್ಲಂತೂ ಇದು ತೀರಾ ಮುಖ್ಯ. ಚಳಿಯಲ್ಲಿ ಬೆಳೆದ ಕೋಶ ತನ್ನ ಪೊರೆ ಗಟ್ಟಿಯಾಗದಂತೆ ಕೊಬ್ಬಿನ ಆಮ್ಲಗಳನ್ನೇ ಬದಲಿಸಿಕೊಳ್ಳುತ್ತದೆ. ಬೇರೆ ಉಷ್ಣತೆಯ ಅಂಕಿ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಗ್ರಾಂ ಬಣ್ಣ, ಆಕಾರ, ಚಲನೆ, ಆಕ್ಸಿಡೇಸ್, ಕ್ಯಾಟಲೇಸ್ ಬೇಗ ಮುಗಿಯುತ್ತವೆ. ಉಷ್ಣತೆ, ಪಿಎಚ್, ಉಪ್ಪು ಮೂರಕ್ಕೂ ಕನಿಷ್ಠ ಮಿತಿ, ಗರಿಷ್ಠ ಮಿತಿ, ಚೆನ್ನಾಗಿ ಬೆಳೆಯುವ ಮಟ್ಟ ಕೊಡಿ. ಉಪ್ಪಿನ ಪರೀಕ್ಷೆಗೆ ಮೀಡಿಯಂ ನೀವೇ ತಯಾರಿಸಿ, ಸೋಡಿಯಂ ಕ್ಲೋರೈಡ್ ಮಾತ್ರ ಬದಲಿಸಿ, ಮೆಗ್ನೀಸಿಯಂ, ಕ್ಯಾಲ್ಸಿಯಂ ಹಾಗೆಯೇ ಇರಲಿ. ಸೋಡಿಯಂ ನಿಜಕ್ಕೂ ಬೇಕೇ ಎಂದು ತಿಳಿಯಲು ಅದರ ಬದಲು ಪೊಟ್ಯಾಸಿಯಂ ಕ್ಲೋರೈಡ್ ಹಾಕಿ ನೋಡಿ. ಹಲವು ರಾಸಾಯನಿಕ ಪರೀಕ್ಷೆಗಳನ್ನು ಒಟ್ಟಿಗೆ ಮಾಡುವ ಸಿದ್ಧ ಎಪಿಐ ಪಟ್ಟಿಗಳನ್ನು (ಸ್ಟ್ರಿಪ್) ಬಳಸುವಾಗ ಕೋಶಗಳನ್ನು ಕೃತಕ ಸಮುದ್ರದ ನೀರಿನಲ್ಲೇ ಬೆರೆಸಿ. ಇಲ್ಲದಿದ್ದರೆ ಹಲವು ಪರೀಕ್ಷೆಗಳು ತಪ್ಪಾಗಿ ಋಣಾತ್ಮಕ ಎಂದು ಬರಬಹುದು.

ರಾಸಾಯನಿಕ ಗುರುತುಗಳಲ್ಲಿ ಕ್ವಿನೋನ್ (ಕೋಶದ ಪೊರೆಯಲ್ಲಿದ್ದು ಉಸಿರಾಟಕ್ಕೆ ನೆರವಾಗುವ ಅಣು) ಒಳ್ಳೆಯ ಅಡ್ಡಪರೀಕ್ಷೆ. ಗಾಮಾಪ್ರೋಟಿಯೋಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಕ್ಯೂ-8, ಆಲ್ಫಾದಲ್ಲಿ ಕ್ಯೂ-10, ಫ್ಲೇವೊಬ್ಯಾಕ್ಟೀರಿಯಾ ಕುಟುಂಬದಲ್ಲಿ ಎಂಕೆ-6. ಮರ ಒಂದು ಹೇಳಿ ಕ್ವಿನೋನ್ ಇನ್ನೊಂದು ಹೇಳಿದರೆ ನಿಂತು ಯೋಚಿಸಿ.

ಹೆಸರು, ಠೇವಣಿ, ಪ್ರಕಟಣೆ

ಹೆಸರು ಲ್ಯಾಟಿನ್ ವ್ಯಾಕರಣಕ್ಕೆ ಹೊಂದಬೇಕು. ವಿಶೇಷಣವಾದರೆ ಕುಲದ ಲಿಂಗವನ್ನು ಅನುಸರಿಸಬೇಕು: ಪುಲ್ಲಿಂಗಕ್ಕೆ ಮರೀನಸ್, ಸ್ತ್ರೀಲಿಂಗಕ್ಕೆ ಮರೀನಾ, ನಪುಂಸಕಕ್ಕೆ ಮರೀನಮ್. ಅದೇ ಹೆಸರು ಆ ಕುಲದಲ್ಲಿ ಈಗಾಗಲೇ ಇದೆಯೇ ಎಂದು ಬ್ಯಾಕ್ಟೀರಿಯಾ ಹೆಸರುಗಳ ಎಲ್‌ಪಿಎಸ್‌ಎನ್ ಪಟ್ಟಿಯಲ್ಲಿ ನೋಡಿ. ಹಿರಿಯರೊಬ್ಬರ ಗೌರವಕ್ಕೆ ಇಡಬಹುದು, ನಿಮ್ಮ ಹೆಸರನ್ನೇ ಇಡುವ ಪದ್ಧತಿ ಇಲ್ಲ. ಜೀವಿಯ ಗುಣವನ್ನೋ ನೆಲೆಯನ್ನೋ ಹೇಳುವ ಹೆಸರು ನನಗೆ ಹೆಚ್ಚು ಇಷ್ಟ. ಮೇಲಿನ ಹಂತಗಳ ಹೆಸರುಗಳನ್ನೂ ಹೊಸದಾಗಿಯೇ ಬಳಸಿ. ಪ್ರೋಟಿಯೋಬ್ಯಾಕ್ಟೀರಿಯಾ ಫೈಲಮ್ 2021ರಿಂದ ಸ್ಯೂಡೊಮೊನಡೋಟಾ ಆಗಿದೆ.

ಠೇವಣಿಗೆ ಜರ್ಮನಿಯ ಡಿಎಸ್‌ಎಂಝಡ್, ಜಪಾನಿನ ಜೆಸಿಎಂ, ಕೊರಿಯಾದ ಕೆಸಿಟಿಸಿ ಮುಂತಾದ ಸಂಗ್ರಹಾಲಯಗಳಿವೆ. ಎರಡು ದೇಶಗಳಲ್ಲಿ ಇಟ್ಟು, ಯಾರು ಕೇಳಿದರೂ ನಿರ್ಬಂಧವಿಲ್ಲದೆ ಸಿಗುತ್ತದೆ ಎಂಬ ಪ್ರಮಾಣಪತ್ರ ಪಡೆಯಿರಿ. ಅವರು ಬೆಳೆಸಿ, ಗುರುತು ಪರಿಶೀಲಿಸಿ, ಉತ್ತರ ಕಳಿಸಲು ಸಮಯ ಹಿಡಿಯುತ್ತದೆ. ಪ್ರಬಂಧ ಬರೆಯುವ ಮೊದಲೇ ಕಳಿಸಿಬಿಡಿ. ಜೀನೋಮ್ ಮತ್ತು 16ಎಸ್ ಸೀಕ್ವೆನ್ಸನ್ನು ಜೆನ್‌ಬ್ಯಾಂಕ್‌ನಂಥ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಿ.

ಮಾನ್ಯತೆ ಸಿಗುವುದು ಸೂಕ್ಷ್ಮಜೀವಿ ವರ್ಗೀಕರಣದ ಅಂತಾರಾಷ್ಟ್ರೀಯ ಪತ್ರಿಕೆ ಐಜೆಎಸ್‌ಇಎಂ ಮೂಲಕ. ಅಲ್ಲೇ ಪ್ರಕಟಿಸಬಹುದು. ಬೇರೆ ಪತ್ರಿಕೆಯಲ್ಲಿ ಪ್ರಕಟಿಸಿ, ಪ್ರಮಾಣಪತ್ರಗಳ ಜೊತೆ ಇದರ ಮಾನ್ಯತಾ ಪಟ್ಟಿಗೆ ಅರ್ಜಿ ಹಾಕಲೂಬಹುದು. ಆ ಅರ್ಜಿ ಮರೆತ ಹೆಸರುಗಳು ವರ್ಷಗಟ್ಟಲೆ ಮಾನ್ಯತೆಯಿಲ್ಲದೆ, ಉದ್ಧರಣ ಚಿಹ್ನೆಯೊಳಗೇ ಉಳಿದುಬಿಡುತ್ತವೆ.

ಬೆಳೆಸಲು ಆಗದೆ ಜೀನೋಮ್ ಮಾತ್ರ ಸಿಕ್ಕಿದ್ದರೆ ಕ್ಯಾಂಡಿಡೇಟಸ್ ಎಂಬ ತಾತ್ಕಾಲಿಕ ಹೆಸರು ಕೊಡಬಹುದು. 2022ರಲ್ಲಿ ಬಂದ ಸೀಕ್‌ಕೋಡ್ ನಿಯಮಾವಳಿ ಒಳ್ಳೆಯ ಗುಣಮಟ್ಟದ ಜೀನೋಮನ್ನೇ ಟೈಪ್ ಎಂದು ಒಪ್ಪುತ್ತದೆ. ಆದರೆ ಕಲ್ಚರ್ ಕೈಯಲ್ಲಿದ್ದರೆ ಹಳೆಯ ದಾರಿಯಲ್ಲೇ ಹೋಗಿ. ಜೀವಂತ ಸ್ಟ್ರೇನ್ ಇದ್ದರೆ ಮುಂದೆ ಯಾರು ಬೇಕಾದರೂ ನಿಮ್ಮ ಮಾತನ್ನು ಮತ್ತೆ ಪರೀಕ್ಷಿಸಬಹುದು.

ಎಲ್ಲ ಪರೀಕ್ಷೆ ಮುಗಿದು, ಎಎನ್‌ಐ 98 ಬಂದು, ನಿಮ್ಮದು ಹಳೆಯ ಪ್ರಭೇದ ಎಂದು ತಿಳಿದರೂ ಸ್ಟ್ರೇನನ್ನು ಬಿಸಾಡಬೇಡಿ. ಎಷ್ಟೋ ಕಡಲ ಪ್ರಭೇದಗಳು ಒಂದೇ ಸ್ಟ್ರೇನಿನ ಮೇಲೆ ನಿಂತಿವೆ. ಎರಡನೆಯದರ ಜೀನೋಮನ್ನು, ಸಿಕ್ಕ ಜಾಗ ಮತ್ತು ಆಳದ ವಿವರದ ಜೊತೆಗೆ, ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಿ, ಒಂದು ಕೊಳವೆಯನ್ನು ಸಂಗ್ರಹಾಲಯಕ್ಕೂ ಕಳಿಸಿ.